ಹಬ್ಬಕ್ಕೆ ಬಂದ ಹಂಚು, ಕತ್ತರಿ, ದಾರ: ಮೊದಲ ವಾರ ಏನು ಮಾಡಬೇಕು

ಅಡುಗೆಯಲ್ಲಿ ಆಸಕ್ತಿ ಇರುವವರಿಗೆ, ಹೊಲಿಗೆ ಹೆಣಿಗೆಯ ಹುಚ್ಚು ಹತ್ತಿದವರಿಗೆ ಹಬ್ಬದಲ್ಲಿ ಏನು ಕೊಡಬೇಕೆಂದು ನೆಂಟರಿಗೆ ಗೊತ್ತೇ ಇರುತ್ತದೆ. ಗೌರಿ ಹಬ್ಬಕ್ಕೆ ತವರಿನಿಂದ ಹಿತ್ತಾಳೆ ಪಾತ್ರೆ, ದೀಪಾವಳಿಗೆ ಅಣ್ಣ ತಂದ ಬೀಡಿನ (ಎರಕದ ಕಬ್ಬಿಣದ) ಹಂಚು, ಕೆಲಸದ ಕಡೆಯಿಂದ ಮಿಕ್ಸರ್, ಗೆಳತಿ ಕೊಟ್ಟ ಕಸೂತಿ ದಾರದ ಡಬ್ಬ. ಯುಗಾದಿ ಬರುವ ಹೊತ್ತಿಗೆ ಇವುಗಳಲ್ಲಿ ಅರ್ಧ ಅಟ್ಟ ಸೇರಿರುತ್ತವೆ. ಹಂಚಿಗೆ ದೋಸೆ ಅಂಟಿತು, ಕತ್ತರಿ ಬಟ್ಟೆಯನ್ನು ಅಗಿಯಿತು, ಕೆಂಪು ದಾರ ಬಿಳಿ ಬಟ್ಟೆಗೆ ಬಣ್ಣ ಬಿಟ್ಟಿತು ಎಂದು ಬೇಸರಪಟ್ಟು ಎತ್ತಿಟ್ಟವು. ವಸ್ತುವೇ ಕಳಪೆಯಾಗಿರುವುದು ಅಪರೂಪ. ಮೊದಲ ಏಳೆಂಟು ದಿನಗಳ ಆರೈಕೆ ತಪ್ಪಿರುವುದೇ ಹೆಚ್ಚು. ದಾವಣಗೆರೆ, ಚಿತ್ರದುರ್ಗದ ಕಡೆಯ ಮನೆಗಳಿಗೆ ಸಾಮಾನ್ಯವಾಗಿ ಬರುವ ಸಾಮಾನುಗಳನ್ನೇ ಹಿಡಿದು, ಯಾವುದಕ್ಕೆ ಯಾವ ಆರೈಕೆ ಬೇಕು ಎಂದು ಇಲ್ಲಿ ಹೇಳಿದೆ.

ಕೇಳಿದಾಗ ಅಳತೆ ಹೇಳಿಬಿಡಿ

"ಹಬ್ಬಕ್ಕೆ ಏನು ತರಲಿ?" ಎಂದು ಅಕ್ಕ ಫೋನಿನಲ್ಲಿ ಕೇಳಿದರೆ "ಏನೂ ಬ್ಯಾಡ" ಎನ್ನುವುದು ನಮ್ಮ ಕಡೆ ಮರ್ಯಾದೆಯ ಮಾತು. ಆಕೆ ಹೇಗೂ ತರುತ್ತಾಳೆ, ತಂದದ್ದು ನಿಮ್ಮ ಒಲೆಗೆ ಹೊಂದುವುದಿಲ್ಲ. "ಅಕ್ಕ, ತರೋದಾದ್ರೆ ಬೀಡಿನ ಹಂಚು ತಾ. ಹನ್ನೆರಡು ಇಂಚು, ತಳ ಸಪಾಟ ಇರಬೇಕು" ಎಂದು ಹೇಳಿದರೆ ಆಕೆಯ ದುಡ್ಡೂ ಉಳಿಯುತ್ತದೆ, ನಿಮ್ಮ ಕೆಲಸವೂ ಆಗುತ್ತದೆ. ಇಂಡಕ್ಷನ್ ಒಲೆ ಇದ್ದರೆ ಅದನ್ನು ಮೊದಲೇ ತಿಳಿಸಿ. ಹಿತ್ತಾಳೆ, ತಾಮ್ರ, ಬರೀ ಅಲ್ಯೂಮಿನಿಯಂ, ಕಲ್ಲಿನ ಪಾತ್ರೆಗಳು ಅದರ ಮೇಲೆ ಕಾಯುವುದೇ ಇಲ್ಲ. ಕಸೂತಿಯವರು ಬಟ್ಟೆ ಬಿಗಿಹಿಡಿಯುವ ರಿಂಗಿನ ಅಳತೆ ಹೇಳಿ, ಕೈಗೆ ಹಿಡಿಸುವುದು 6 ಇಂಚು. ಹೆಣಿಗೆಯವರು ಕಡ್ಡಿಯ ನಂಬರನ್ನು ಮಿಲಿಮೀಟರಿನಲ್ಲಿ ಹೇಳಿ. ಒಂದೊಂದು ಕಂಪನಿಯ ನಂಬರು ಒಂದೊಂದು ತರಹ, ಮಿಲಿಮೀಟರ್ ಎಲ್ಲ ಕಡೆಯೂ ಒಂದೇ.

ಡಬ್ಬ ತೆರೆಯುವ ದಿನ

ಎಲ್ಲಾ ಡಬ್ಬ ಒಟ್ಟಿಗೆ ಬಿಚ್ಚಿ ಥರ್ಮೊಕೋಲ್ ಎಸೆಯುವ ಅವಸರ ಬೇಡ. ಒಂದೊಂದಾಗಿ ತೆರೆಯಿರಿ. ಆನ್‌ಲೈನಿನಲ್ಲಿ ತರಿಸಿದ್ದಾದರೆ ಟೇಪು ಕತ್ತರಿಸುವಾಗಿನಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಒಡೆದ ಸಾಮಾನು ವಾಪಸ್ ಕಳಿಸುವಾಗ ವಾದ ಮಾಡಬೇಕಾಗುವುದಿಲ್ಲ. ಬೀಡಿನ ಹಂಚನ್ನು ಬೆರಳ ತುದಿಯಿಂದ ತಟ್ಟಿ ಕೇಳಿ. ಗಂಟೆಯ ಹಾಗೆ ನಾದ ಬಂದರೆ ಸರಿ, ಬದ್ದಾದ ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕು ಇರಬಹುದು. ಕುಕ್ಕರ್ ಬಂದಿದ್ದರೆ ಅದರ ಮೈಮೇಲೆ ಐ.ಎಸ್.ಐ. ಗುರುತು ಹುಡುಕಿ. ಮನೆಬಳಕೆಯ ಕುಕ್ಕರಿನ ಮಾನದಂಡದ ಸಂಖ್ಯೆ ಐ.ಎಸ್. 2347. ಗುರುತಿಲ್ಲದ ಕುಕ್ಕರನ್ನು, ಕೊಟ್ಟವರು ಯಾರೇ ಆಗಿರಲಿ, ಒಲೆಗೆ ಏರಿಸಬೇಡಿ.

ಕರೆಂಟಿನ ಸಾಮಾನಿಗೆ ವಾರಂಟಿ ಕಾರ್ಡಿನ ಮೇಲೆ ಅಂಗಡಿಯ ಸೀಲು, ತಾರೀಖು ಇದೆಯೇ ನೋಡಿ. ಬಿಲ್ಲು ಕೊಟ್ಟವರ ಬಳಿಯೇ ಉಳಿದಿರುತ್ತದೆ. ಕೇಳಲು ಸಂಕೋಚ ಪಡುವವರೇ ಬಹಳ. "ಅಣ್ಣ, ಮಿಕ್ಸರ್ ಬಾಳ ಚಲೋ ಐತಿ. ವಾರಂಟಿಗೆ ಬೇಕು, ಬಿಲ್ಲಿನ ಫೋಟೊ ಒಂದು ಹಾಕು" ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಸಾಮಾನು ಕೆಟ್ಟು ಅಂಗಡಿಯವರು ಕೈ ಎತ್ತಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅಲ್ಲಿಯೂ ಮೊದಲು ಕೇಳುವುದು ಬಿಲ್ಲನ್ನೇ.

ಬೀಡಿನ ಹಂಚು

ಬೆಣ್ಣೆದೋಸೆಯ ಊರಿನಲ್ಲಿ ಹೊಸ ಹಂಚು ಬಂದ ದಿನವೇ ಬೆಣ್ಣೆ ಸವರಿ ದೋಸೆ ಹುಯ್ಯುವ ಆಸೆ ಸಹಜ. ಹಂಚು ಕೆಡುವುದು ಇಲ್ಲಿಯೇ. ಬೆಣ್ಣೆಯಲ್ಲಿ ಕೊಬ್ಬಿನ ಜೊತೆ ನೀರು, ಹಾಲಿನ ಅಂಶ ಇರುತ್ತವೆ. ಪಳಗದ ಬೀಡಿನ ಮೇಲೆ ಹಾಲಿನ ಅಂಶ ಸೀದು ಕಪ್ಪು ಚುಕ್ಕೆಯಾಗಿ ಕೂರುತ್ತದೆ, ಮುಂದಿನ ದೋಸೆ ಆ ಚುಕ್ಕೆಗಳಿಗೇ ಅಂಟುತ್ತದೆ. ಹಂಚು ಪಳಗಿಸಲು ಎಣ್ಣೆಯೇ ಬೇಕು. ಎಣ್ಣೆಯ ತೆಳು ಪದರ ಹೆಚ್ಚು ಶಾಖಕ್ಕೆ ಗಟ್ಟಿಯಾಗಿ, ಕಪ್ಪಾಗಿ, ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ. ದೋಸೆ ಏಳುವುದು ಈ ಪದರದ ಮೇಲಿನಿಂದ.

ಯಾವ ಎಣ್ಣೆ? ಕುಸುಬೆ ಎಣ್ಣೆ, ಸೂರ್ಯಕಾಂತಿ ಎಣ್ಣೆ ಬೇಗ ಗಟ್ಟಿಯಾಗುತ್ತವೆ. ಚಳ್ಳಕೆರೆಯ ಗಾಣ, ಮಿಲ್ಲುಗಳ ದೆಸೆಯಿಂದ ನಮ್ಮ ಕಡೆ ಮನೆಮನೆಯಲ್ಲೂ ಇರುವ ಶೇಂಗಾ ಎಣ್ಣೆಯೂ ಆಗುತ್ತದೆ, ಒಂದೆರಡು ಪದರ ಹೆಚ್ಚು ಬೇಕಾಗುತ್ತದೆ ಅಷ್ಟೆ. ಅಗಸೆ ಎಣ್ಣೆ ನೋಡಲು ಚೆಂದ ಹೊಳಪು ಕೊಡುತ್ತದೆ, ಕೆಲವು ತಿಂಗಳಲ್ಲಿ ಹೊಪ್ಪಳೆ ಏಳುವುದೂ ಉಂಟು. ಕೊಬ್ಬರಿ ಎಣ್ಣೆ ಈ ಕೆಲಸಕ್ಕೆ ಒಗ್ಗುವುದಿಲ್ಲ.

1. ಹೊಸ ಹಂಚನ್ನು ಬಿಸಿನೀರು, ಪಾತ್ರೆ ಸೋಪು, ತೆಂಗಿನ ನಾರು ಹಾಕಿ ಎರಡು ಸಲ ಉಜ್ಜಿ. ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯಲ್ಲಿ ಬಳಿದ ಎಣ್ಣೆ ಹೋಗಬೇಕು. ಸೋಪು ಈ ಒಂದೇ ದಿನಕ್ಕೆ. "ಮೊದಲೇ ಪಳಗಿಸಿದ್ದು" ಎಂದು ಡಬ್ಬದ ಮೇಲೆ ಬರೆದಿದ್ದರೆ ಬರೀ ಬಿಸಿನೀರು ಸಾಕು.

2. ಬಟ್ಟೆಯಲ್ಲಿ ಒರೆಸಿ ತಕ್ಷಣ ಸಣ್ಣ ಉರಿಯ ಮೇಲಿಡಿ. ನೀರು ಪೂರ್ತಿ ಆರಲಿ. ಬೋರ್‌ವೆಲ್ ನೀರು ಹಾಗೇ ಆರಿದರೆ ಬಿಳಿ ಕಲೆ ನಿಲ್ಲುತ್ತದೆ, ಒದ್ದೆ ಉಳಿದರೆ ಹತ್ತೇ ನಿಮಿಷದಲ್ಲಿ ಕೆಂಪು ತುಕ್ಕು ಕಾಣಿಸಿಕೊಳ್ಳುತ್ತದೆ.

3. ಹಂಚು ಕೈ ತಾಳುವಷ್ಟು ಬೆಚ್ಚಗಿರುವಾಗ ಅರ್ಧ ಚಮಚ ಎಣ್ಣೆಯನ್ನು ಮೇಲೆ, ಕೆಳಗೆ, ಹಿಡಿಕೆಗೆ ಎಲ್ಲ ಕಡೆ ಹಚ್ಚಿ. ಆಮೇಲೆ ಒಣ ಹತ್ತಿ ಬಟ್ಟೆ ತೆಗೆದುಕೊಂಡು ಹಚ್ಚಿದ್ದನ್ನೆಲ್ಲಾ ಒರೆಸಿ ತೆಗೆಯಿರಿ. ತಪ್ಪಿ ಎಣ್ಣೆ ಬಿದ್ದದ್ದನ್ನು ಒರೆಸುವ ಹಾಗೆ ಒರೆಸಬೇಕು. ಮೇಲ್ನೋಟಕ್ಕೆ ಎಣ್ಣೆಯೇ ಇಲ್ಲ ಅನ್ನಿಸಿದಾಗ ಪ್ರಮಾಣ ಸರಿಯಾಗಿದೆ.

4. ಕಿಟಕಿ ತೆರೆದು, ನಡುಉರಿಯಲ್ಲಿ ಹೊಗೆ ಏಳುವವರೆಗೆ ಕಾಯಿಸಿ. ಹೊಗೆ ಶುರುವಾದ ಮೇಲೆ 8ರಿಂದ 10 ನಿಮಿಷ ಬಿಡಿ. ಆರಿಸಿ, ತಾನಾಗಿ ತಣ್ಣಗಾಗಲಿ. ನೀರು ಹುಯ್ದು ತಣಿಸಲು ಹೋದರೆ ಬೀಡು ಸೀಳುತ್ತದೆ, ಅದಕ್ಕೆ ಬೆಸುಗೆಯೂ ಕೂರುವುದಿಲ್ಲ.

5. ಮೂರು, ನಾಲ್ಕನೆಯ ಹೆಜ್ಜೆಗಳನ್ನು ನಾಲ್ಕೈದು ಸಲ ಮಾಡಿ. ಒಂದೇ ದಿನ ಮುಗಿಸಬೇಕೆಂದಿಲ್ಲ. ಬೂದು ಬಣ್ಣ ಮೊದಲು ಕಂದಾಗಿ, ಆಮೇಲೆ ಕಪ್ಪಾಗಿ ತಿರುಗುತ್ತದೆ.

ಎಣ್ಣೆ ಹೆಚ್ಚಾದರೆ ಹಂಚು ಕೈಗೆ ಅಂಟಂಟಾಗಿ, ಬೆಲ್ಲದ ಪಾಕ ಚೆಲ್ಲಿದ ಹಾಗೆ ಆಗುತ್ತದೆ. ಗಾಬರಿ ಬೇಡ. ಎಣ್ಣೆ ಹಾಕದೆ ಇನ್ನೊಮ್ಮೆ ಅರ್ಧ ಗಂಟೆ ಕಾಯಿಸಿ. ಹೋಗದಿದ್ದರೆ ದಪ್ಪ ಉಪ್ಪು ಹಾಕಿ ಉಜ್ಜಿ, ತೊಳೆದು, ಮತ್ತೆ ತೆಳುವಾಗಿ ಶುರು ಮಾಡಿ.

ಈಗ ದೋಸೆ. ಹೊಸ ಹಂಚಿಗೆ ತಕ್ಕ ಹಿಟ್ಟಿನ ಅಳತೆ ಹೀಗಿದೆ: ದೋಸೆ ಅಕ್ಕಿ 3 ಲೋಟ, ಉದ್ದಿನಬೇಳೆ 1 ಲೋಟ, ಮೆಂತ್ಯ 1 ಚಿಕ್ಕ ಚಮಚ, ಮಂಡಕ್ಕಿ 2 ಲೋಟ. ಅಕ್ಕಿ, ಬೇಳೆ, ಮೆಂತ್ಯವನ್ನು 5 ಗಂಟೆ ನೆನೆಸಿ. ಮಂಡಕ್ಕಿಯನ್ನು ರುಬ್ಬುವ ಹತ್ತು ನಿಮಿಷ ಮುಂಚೆ ನೀರಿನಲ್ಲಿ ಅದ್ದಿ ಹಿಂಡಿದರೆ ಸಾಕು. ಬೇಸಿಗೆಯಲ್ಲಿ 8 ಗಂಟೆ, ದೀಪಾವಳಿಯ ಚಳಿಯಲ್ಲಿ 12 ಗಂಟೆ ಹುಳಿ ಬರಲಿ. ದೋಸೆ ಒಳಗೆ ಮೆತ್ತಗೆ, ಹೊರಗೆ ಗರಿಯಾಗಿ ಬರುವುದರಲ್ಲಿ ಮಂಡಕ್ಕಿಯ ಪಾಲು ದೊಡ್ಡದು.

ಮೊದಲ ಐದಾರು ದೋಸೆ ಚಿಕ್ಕದಾಗಿ, ದಪ್ಪನಾಗಿರಲಿ. ಹಂಚು ಕಾದಿದೆಯೇ ಎಂದು ನೋಡಲು ನಾಲ್ಕು ಹನಿ ನೀರು ಚಿಮುಕಿಸಿ. ಹನಿ ಅಲ್ಲೇ ಕುಳಿತು ಕುದಿದರೆ ಇನ್ನೂ ತಣ್ಣಗಿದೆ, ಮಣಿಯಂತೆ ಉರುಳಾಡಿ ಹೋದರೆ ಹೆಚ್ಚು ಕಾದಿದೆ, "ಚುಂಯ್" ಎಂದು ಕ್ಷಣದಲ್ಲಿ ಆರಿದರೆ ಹದ. ಹೆಚ್ಚು ಕಾದ ಹಂಚಿನ ಮೇಲೆ ಹಿಟ್ಟು ಹರಡುವುದಿಲ್ಲ, ಸವುಟಿನ ಜೊತೆಯೇ ಮುದ್ದೆಯಾಗಿ ಎದ್ದು ಬರುತ್ತದೆ. ಅರ್ಧಕ್ಕೆ ಕೊಯ್ದ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜಿ, ಹಿಟ್ಟು ಹುಯ್ಯಿರಿ. ಬೆಣ್ಣೆಯ ಸರದಿ ಬರುವುದು ಹಿಟ್ಟಿನ ಮೇಲ್ಭಾಗದ ಹಸಿ ಆರಿದ ಮೇಲೆ. ದೋಸೆಯ ಮೇಲೆ ಒಂದು ಚಮಚ, ಸುತ್ತ ಅಂಚಿಗೆ ಅರ್ಧ ಚಮಚ, ಉಪ್ಪಿಲ್ಲದ ಮನೆಬೆಣ್ಣೆಯಾದರೆ ಉತ್ತಮ. ಅಂಚು ತಾನಾಗಿ ಎದ್ದಾಗ ಮಾತ್ರ ಮಗುಚುವ ಕೈ ಹಾಕಿ. ಏಳದ ದೋಸೆಯನ್ನು ಕೆರೆದರೆ ದೋಸೆಯೂ ಹೋಗುತ್ತದೆ, ಕಟ್ಟಿದ ಪದರವೂ ಹೋಗುತ್ತದೆ.

ದೋಸೆಯ ಹಂಚಿನ ಮೇಲೆ ಚಪಾತಿ, ರೊಟ್ಟಿ ಸುಡಬಾರದು. ಇದನ್ನು ಮನೆಯವರಿಗೆಲ್ಲಾ ಹೇಳಿಟ್ಟಿರಿ. ಎಣ್ಣೆಯಿಲ್ಲದ ಒಣ ಶಾಖಕ್ಕೆ ಪದರ ಸುಟ್ಟು ಹೋಗುತ್ತದೆ, ಮರುದಿನ ದೋಸೆ ಕಚ್ಚಿಕೊಳ್ಳುತ್ತದೆ. ರೊಟ್ಟಿಗೆ ಬೇರೆ ಹಂಚು ಇರಲಿ. ಮೊದಲ ಎರಡು ತಿಂಗಳು ಹುಣಸೆಹುಳಿ, ಟೊಮೆಟೊ ಇರುವ ಯಾವುದನ್ನೂ ಅದರಲ್ಲಿ ಬೇಯಿಸಬೇಡಿ. ಕೆಲಸ ಮುಗಿದ ಮೇಲೆ ಬಿಸಿನೀರಲ್ಲಿ ತೊಳೆದು, ಒಲೆಯ ಮೇಲೆ ಆರಿಸಿ, ಎರಡು ಹನಿ ಎಣ್ಣೆ ಸವರಿ ಎತ್ತಿಡಿ.

ಹಿತ್ತಾಳೆಯೂ ಕಲ್ಲಿನ ಪಾತ್ರೆಯೂ

ಬಾಗಿನದ ಜೊತೆ ಬಂದ ಹಿತ್ತಾಳೆ ಪಾತ್ರೆಯ ಒಳಮೈ ನೋಡಿ. ಬೆಳ್ಳಿಯ ಹಾಗೆ ಬೆಳ್ಳಗಿದ್ದರೆ ಕಲಾಯಿ, ಅಂದರೆ ತವರದ ಲೇಪ, ಆಗಿದೆ. ಒಳಗೂ ಹಳದಿಯಾಗಿದ್ದರೆ ಅಡುಗೆಗೆ ಇಳಿಸುವ ಮುಂಚೆ ಕಲಾಯಿ ಹಾಕಿಸಬೇಕು. ಸಾರು, ಹುಳಿ, ಮಜ್ಜಿಗೆ ಬರೀ ಹಿತ್ತಾಳೆಯಲ್ಲಿ ನಿಂತರೆ ಲೋಹ ಕರಗಿ ಅಡುಗೆಗೆ ಸೇರುತ್ತದೆ, ಹೊಟ್ಟೆ ತೊಳಸುವುದು ಅದರಿಂದಲೇ. ಕಲಾಯಿಯವರು ಪಾತ್ರೆ ಕಾಯಿಸಿ, ನವಸಾಗರ ಹಾಕಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಒಂದೇ ಬೀಸಿಗೆ ಒಳಗೆಲ್ಲಾ ಹರಡುತ್ತಾರೆ. ಆ ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ಗೆ. ಹಾಗಾಗಿ ಖಾಲಿ ಪಾತ್ರೆಯನ್ನು ಒಲೆಯ ಮೇಲಿಟ್ಟು ಒಗ್ಗರಣೆಗೆ ಕಾಯಿಸಬಾರದು. ಮೊದಲು ನೀರೋ ಬೇಳೆಯೋ ಒಳಗಿರಲಿ, ಒಗ್ಗರಣೆಯನ್ನು ಬೇರೆ ಸೌಟಿನಲ್ಲಿ ಮಾಡಿ ಸುರಿಯಿರಿ. ಒಳಗೆ ಸ್ಟೀಲ್ ನಾರು ಹಾಕಿ ಉಜ್ಜಬೇಡಿ. ಹುಣಸೆಹಣ್ಣು ಹಚ್ಚಿ ಬೆಳಗುವುದೇನಿದ್ದರೂ ಹೊರಮೈಗೆ. ಒಳಗೆ ಹಳದಿ ಇಣುಕಿದಾಗ ಮತ್ತೆ ಕಲಾಯಿಗೆ ಕೊಡಿ.

ಬಳಪದ ಕಲ್ಲಿನ ಪಾತ್ರೆಗೆ ತಾಳ್ಮೆ ಬೇಕು. ತೊಳೆದು ಒಂದು ದಿನ ನೆರಳಲ್ಲಿ ಒಣಗಿಸಿ. ಎಣ್ಣೆಗೆ ಅರಿಶಿನ ಕಲಸಿ ಒಳಗೆ ಹೊರಗೆ ಹಚ್ಚಿ, ಒಂದು ದಿನ ಬಿಡಿ. ಆಮೇಲೆ ಐದಾರು ದಿನ ದಿನಕ್ಕೊಮ್ಮೆ ಬಿಸಿ ಗಂಜಿ ತುಂಬಿ, ಆರಿದ ಮೇಲೆ ಚೆಲ್ಲಿ. ಕೊನೆಗೆ ಮುಕ್ಕಾಲು ನೀರು ತುಂಬಿ ತೀರಾ ಸಣ್ಣ ಉರಿಯಲ್ಲಿ ಕುದಿಸಿ. ಕಲ್ಲು ನಿಧಾನವಾಗಿ ಕಾಯುತ್ತದೆ, ಅಷ್ಟೇ ನಿಧಾನವಾಗಿ ಆರುತ್ತದೆ. ಒಲೆ ಆರಿಸಿದ ಮೇಲೂ ಸಾರು ಕೆಲವು ನಿಮಿಷ ಕುದಿಯುತ್ತಲೇ ಇರುವುದರಿಂದ ಸ್ವಲ್ಪ ಮುಂಚೆಯೇ ಆರಿಸಬೇಕು. ಖಾಲಿ ಕಾಯಿಸುವುದು, ಬಿಸಿ ಪಾತ್ರೆಯನ್ನು ಒದ್ದೆ ಕಟ್ಟೆಯ ಮೇಲಿಡುವುದು ಎರಡೂ ಬಿರುಕಿಗೆ ದಾರಿ.

ಕರೆಂಟಿನ ಸಾಮಾನು

ಹೊಸ ಗ್ರೈಂಡರಿನ ಕಲ್ಲಿನಿಂದ ಬೂದುಬಣ್ಣದ ಹುಡಿ ಬರುತ್ತದೆ. ಎರಡು ಹಿಡಿ ನೆನೆಸಿದ ಅಕ್ಕಿ ಹಾಕಿ ಹತ್ತು ನಿಮಿಷ ರುಬ್ಬಿ, ಆ ಹಿಟ್ಟನ್ನು ಗಿಡದ ಬುಡಕ್ಕೆ ಸುರಿಯಿರಿ. ಹಿಟ್ಟು ಹಾಲಿನಂತೆ ಬೆಳ್ಳಗೆ ಬರುವವರೆಗೆ ಹೀಗೆಯೇ ಎರಡು ಮೂರು ಸಲ ಮಾಡಿ. ಅವಸರ ಮಾಡಿದರೆ ಮೊದಲ ದೋಸೆಯಲ್ಲೇ ಹಲ್ಲಿಗೆ ಮರಳು ಸಿಗುತ್ತದೆ.

ಮಿಕ್ಸರ್ ಮೊದಲ ಕೆಲವು ದಿನ ಸುಟ್ಟ ವಾಸನೆ ಕೊಟ್ಟರೆ ಅದು ಮೋಟಾರಿನ ತಂತಿಗೆ ಹಚ್ಚಿದ ವಾರ್ನಿಷ್. ಹೊಗೆ ಬಂದರೆ ಮಾತ್ರ ಅಂಗಡಿಗೆ ಒಯ್ಯಿರಿ. ಚಟ್ನಿಪುಡಿ ಮಾಡುವಾಗ ಇದ್ದಕ್ಕಿದ್ದ ಹಾಗೆ ನಿಂತುಹೋದರೆ ಕೆಟ್ಟಿತೆಂದು ತಿಳಿಯಬೇಡಿ. ಪ್ಲಗ್ ತೆಗೆದು, ತಿರುಗಿಸಿ, ತಳದಲ್ಲಿ ಚಿಕ್ಕ ಗುಂಡಿ ಇದೆಯೇ ನೋಡಿ, ಸಾಮಾನ್ಯವಾಗಿ ಕೆಂಪಗಿರುತ್ತದೆ. ಭಾರ ಹೆಚ್ಚಾದಾಗ ಮೋಟಾರು ಸುಡದಿರಲೆಂದು ಇಟ್ಟದ್ದು ಅದು. ಕಾಲು ಗಂಟೆ ಆರಲು ಬಿಟ್ಟು, ಜಾರಿನಲ್ಲಿ ಅರ್ಧ ತೆಗೆದು, ಗುಂಡಿ ಒತ್ತಿ ಮತ್ತೆ ಹಾಕಿ.

ಕೇಕ್ ಮಾಡುವವರಿಗೆ ಓವನ್ ಬಂದಿದ್ದರೆ ಮೊದಲು ಅದರ ವ್ಯಾಟ್ ನೋಡಿ. 1600 ವ್ಯಾಟಿನ ಓವನ್ 230 ವೋಲ್ಟಿನಲ್ಲಿ ಸುಮಾರು 7 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜರ್ ಹಾಕುವ ಚಿಕ್ಕ ಪಾಯಿಂಟು 6 ಆಂಪಿಯರಿನದು. ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಅದು ಕರಗಬಹುದು. ಗೀಸರಿಗೆ, ಏಸಿಗೆ ಇರುವಂಥ 16 ಆಂಪಿಯರ್ ಪಾಯಿಂಟೇ ಬೇಕು. ಮೊದಲ ಸಲ ಖಾಲಿ ಓವನ್ನನ್ನು 200 ಡಿಗ್ರಿಗೆ 20 ನಿಮಿಷ ಉರಿಸಿ, ಒಳಗಿನ ಎಣ್ಣೆ ಸುಟ್ಟು ವಾಸನೆ ಹೋಗಲಿ.

ಡಿಜಿಟಲ್ ತಕ್ಕಡಿ ಸರಿ ಇದೆಯೇ ಎಂದು ನೋಡಲು ಹತ್ತು ರೂಪಾಯಿಯ ನಾಣ್ಯಗಳಿದ್ದರೆ ಸಾಕು. ಒಂದು ನಾಣ್ಯ ಸುಮಾರು 7.7 ಗ್ರಾಂ, ಹತ್ತು ಇಟ್ಟರೆ 77 ಗ್ರಾಂ ತೋರಿಸಬೇಕು. ಒಂದೆರಡು ಗ್ರಾಂ ಆಚೀಚೆ ಆದರೆ ಪರವಾಗಿಲ್ಲ. ಅಳತೆಯ ಕಪ್ಪುಗಳಲ್ಲಿ 240 ಮಿಲಿಲೀಟರಿನವೂ ಇವೆ, 250ರವೂ ಇವೆ. ದೋಸೆ ಹಿಟ್ಟಿಗೆ ಯಾವುದಾದರೂ ಆದೀತು, ಎಲ್ಲವನ್ನೂ ಒಂದರಲ್ಲೇ ಅಳೆದರಾಯಿತು. ಕೇಕಿನ ಮೈದಾ ಮಾತ್ರ ತೂಕ ಮಾಡಿಯೇ ಹಾಕಿ. ಕಪ್ಪನ್ನು ಡಬ್ಬದೊಳಗೆ ಒತ್ತಿ ತುಂಬಿದರೆ 120 ಗ್ರಾಂ ಬರಬೇಕಾದ್ದು 150 ಬರುತ್ತದೆ, ಕೇಕು ಒಣಗಿ ಬಿರಿಯುತ್ತದೆ.

ಕತ್ತರಿ, ಹೊಲಿಗೆ ಯಂತ್ರ

ಬಟ್ಟೆ ಕತ್ತರಿ ಬಂದ ದಿನವೇ ಅದರ ಹಿಡಿಗೆ ಒಂದು ಬಣ್ಣದ ಬಟ್ಟೆಚೂರು ಕಟ್ಟಿ. ಮನೆಯ ಮಕ್ಕಳಿಗೂ ಯಜಮಾನರಿಗೂ ಅದು "ಮುಟ್ಟಬೇಡಿ" ಎಂಬ ಗುರುತು. ಕಾಗದದಲ್ಲಿ ಸುಣ್ಣದ ಅಂಶ, ಜೇಡಿಯ ಪುಡಿ ಇರುತ್ತವೆ, ಅಲಗಿನ ಸಾಣೆ ತಿನ್ನುವುದು ಅವೇ. ಹಾಲಿನ ಪಾಕೀಟು, ಟೇಪು, ಕ್ಯಾಲೆಂಡರು ಯಾವುದೂ ಬೇಡ. ಹರಿತ ನೋಡಲು ತೆಳು ವಾಯಿಲ್ ಬಟ್ಟೆಯನ್ನು ಒಂದೇ ಪದರ ಹಿಡಿದು ಅಲಗಿನ ತುದಿಯಿಂದ ಕತ್ತರಿಸಿ. ತುದಿಯಲ್ಲಿ ಬಟ್ಟೆ ಮಡಚಿಕೊಂಡರೆ ಸ್ಕ್ರೂ ಸಡಿಲವಿದೆ ಅಥವಾ ಸಾಣೆ ಸರಿಯಿಲ್ಲ. ಕಾಲು ಸುತ್ತು ಬಿಗಿ ಮಾಡಿ, ಒಂದು ಹನಿ ಮಷಿನ್ ಎಣ್ಣೆ ಬಿಟ್ಟು ಮತ್ತೆ ನೋಡಿ. ಆಗಲೂ ಕತ್ತರಿಸದಿದ್ದರೆ ಬದಲಿಸಿ ಕೊಡಲು ಕೇಳಿ.

ಹೊಲಿಗೆ ಯಂತ್ರ ಬಂದರೆ ಹಳೆಯ ಹತ್ತಿ ಬಟ್ಟೆಯ ಎರಡು ಪದರ ಇಟ್ಟು ಹೊಲಿದು ನೋಡಿ. ಹತ್ತಿಗೆ 14 ಅಥವಾ 16ನೇ ನಂಬರ್ ಸೂಜಿ. ಸೂಜಿಯ ಒಂದು ಮಗ್ಗುಲಲ್ಲಿ ಉದ್ದನೆಯ ತೋಡು ಇರುತ್ತದೆ, ದಾರ ಒಳಹೋಗಬೇಕಾದ್ದು ಆ ಮಗ್ಗುಲಿಂದ. ತಿರುಗಿ ಕೂತರೆ ಹೊಲಿಗೆ ಬೀಳುವುದೇ ಇಲ್ಲ. ಬಟ್ಟೆಯ ಕೆಳಗಡೆ ದಾರ ಗೋಜಲಾಗಿ ಗೂಡು ಕಟ್ಟಿದರೆ ಎಲ್ಲರೂ ಕೆಳದಾರದ ಉರುಳೆ ಕೂರುವ ಬಾಬಿನ್ ಕೇಸನ್ನು ತಿರುಚುತ್ತಾರೆ. ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಬಟ್ಟೆ ಒತ್ತುವ ಪಾದವನ್ನು ಮೇಲೆತ್ತಿ, ಮೇಲಿನ ದಾರ ಪೂರ್ತಿ ತೆಗೆದು, ಮತ್ತೆ ಪೋಣಿಸಿ. ಪಾದ ಇಳಿದಿದ್ದಾಗ ದಾರವನ್ನು ಬಿಗಿಹಿಡಿಯುವ ಟೆನ್ಶನ್ ತಟ್ಟೆಗಳು ಕಚ್ಚಿಕೊಂಡಿರುತ್ತವೆ, ದಾರ ಅವುಗಳ ನಡುವೆ ಇಳಿಯದೆ ಮೇಲೇ ಕೂರುತ್ತದೆ.

ಒಂದು ಮಾತು ಆಯುಧಪೂಜೆಯ ಬಗ್ಗೆ. ಯಂತ್ರಕ್ಕೆ ವಿಭೂತಿ, ಕುಂಕುಮ ಹಚ್ಚುವುದು ನಮ್ಮ ಪದ್ಧತಿ, ಹಚ್ಚಲೇಬೇಕು. ಚಕ್ರಕ್ಕೆ, ಮೇಜಿಗೆ ಹಚ್ಚಿ. ಎಣ್ಣೆ ಬಿಡುವ ತೂತು, ಸೂಜಿಯ ಸರಳು, ಬಾಬಿನ್ ಇರುವ ಜಾಗಗಳನ್ನು ಬಿಡಿ. ಪುಡಿ ಎಣ್ಣೆಗೆ ಕಲೆತರೆ ಮಸಿಯಾಗಿ ಗಟ್ಟಿಯಾಗುತ್ತದೆ, ಯಂತ್ರ ಭಾರವಾಗಿ ತುಳಿಯಬೇಕಾಗುತ್ತದೆ.

ಬಟ್ಟೆ, ದಾರ, ಕನ್ನಡಿ

ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಹತ್ತಿ ಬಟ್ಟೆಯ ಉಡುಗೊರೆಗೆ ಕೊರತೆಯಿಲ್ಲ. ಹೊಸ ಹತ್ತಿ ಬಟ್ಟೆ ಮೊದಲ ನೀರಿಗೆ ಮೀಟರಿಗೆ 3ರಿಂದ 5 ಸೆಂಟಿಮೀಟರ್ ಕುಗ್ಗುವುದುಂಟು. ನೀರು ತೋರಿಸದೆ ಹೊಲಿದ ರವಿಕೆ ಮೊದಲ ಒಗೆತಕ್ಕೇ ಬಿಗಿಯಾಗುತ್ತದೆ, ಕಸೂತಿಯ ಸುತ್ತ ಬಟ್ಟೆ ನೆರಿಗೆ ಕಟ್ಟುತ್ತದೆ. ರಾತ್ರಿ ತಣ್ಣೀರಿನಲ್ಲಿ ನೆನೆಸಿ, ಬೆಳಿಗ್ಗೆ ಹಿಂಡದೆ ನೆರಳಲ್ಲಿ ಒಣಗಿಸಿ, ಸ್ವಲ್ಪ ತೇವ ಇರುವಾಗಲೇ ಇಸ್ತ್ರಿ ಮಾಡಿ. ಫ್ಯಾಬ್ರಿಕ್ ಪೇಂಟ್ ಮಾಡುವವರಿಗೂ ಇದು ಬೇಕೇ ಬೇಕು, ಗಂಜಿ ಹೋಗದ ಬಟ್ಟೆಗೆ ಬಣ್ಣ ಹಿಡಿಯುವುದಿಲ್ಲ.

ಕಸೂತಿ ದಾರದ ಡಬ್ಬದಲ್ಲಿ ಐವತ್ತು ಬಣ್ಣ ಕಂಡು ಹಿಗ್ಗುವುದು ಸರಿ. ಕೆಂಪು, ಕಪ್ಪು, ಕಡುನೀಲಿ, ಕಡುಹಸಿರು ಇಷ್ಟನ್ನು ಮಾತ್ರ ಪರೀಕ್ಷಿಸದೆ ಮುಟ್ಟಬೇಡಿ. ಒಂದೊಂದರಿಂದ ಬೆರಳುದ್ದ ಕತ್ತರಿಸಿ, ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಬಿಟ್ಟು, ಒದ್ದೆ ಇರುವಾಗಲೇ ಬಿಳಿ ಬಟ್ಟೆಯ ಮಡಿಕೆಯಲ್ಲಿಟ್ಟು ಇಸ್ತ್ರಿ ಒತ್ತಿ. ಬಿಳಿ ಬಟ್ಟೆಯ ಮೇಲೆ ಗೆರೆ ಮೂಡಿದರೆ ಆ ಲಡಿಯನ್ನು ನೀರು ತಿಳಿಯಾಗುವವರೆಗೆ ತಣ್ಣೀರಲ್ಲಿ ಜಾಲಾಡಿಸಬೇಕು. ಆಗಲೂ ಬಿಟ್ಟರೆ ಕಪ್ಪು ಬಟ್ಟೆಯ ಮೇಲಿನ ಕೆಲಸಕ್ಕೆ ತೆಗೆದಿಡಿ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ಮನೆಮನೆಯಲ್ಲೂ ಇದೆ. ಉಪ್ಪಿನಿಂದ ಸಹಾಯ ಆಗುವುದು ಬಣ್ಣ ಹಾಕುವ ಹೊತ್ತಿನಲ್ಲಿ. ಆಗ ಹಿಡಿಯದೆ ಉಳಿದ ಬಣ್ಣವನ್ನು ಆಮೇಲೆ ಕಟ್ಟಿ ನಿಲ್ಲಿಸುವ ಶಕ್ತಿ ಅದಕ್ಕಿಲ್ಲ.

ಲಡಿಯಲ್ಲಿ ಆರು ಎಳೆ ಇರುತ್ತವೆ. ಮೊಳದುದ್ದ, ಅಂದರೆ 45 ಸೆಂಟಿಮೀಟರ್ ಕತ್ತರಿಸಿ, ಎಳೆಗಳನ್ನು ಒಂದೊಂದಾಗಿ ಮೇಲಕ್ಕೆ ಎಳೆದು ಬಿಡಿಸಿ, ಬೇಕಾದ ಎರಡೋ ಮೂರೋ ಎಳೆ ಮತ್ತೆ ಜೋಡಿಸಿ. ಎರಡನ್ನು ಒಟ್ಟಿಗೆ ಎಳೆದರೆ ಉಳಿದದ್ದು ಗಂಟು ಬೀಳುತ್ತದೆ. ದಾರ ಇನ್ನೂ ಉದ್ದ ತೆಗೆದುಕೊಂಡರೆ ಬಟ್ಟೆಯಲ್ಲಿ ಮತ್ತೆ ಮತ್ತೆ ತೂರಿ ಕೊನೆಗೆ ನಾರು ಏಳುತ್ತದೆ. ಮರದ ರಿಂಗಿನ ಒಳಬಳೆಗೆ ಹತ್ತಿಯ ಪಟ್ಟಿ ಸುತ್ತಿ, ಬಟ್ಟೆ ಜಾರುವುದಿಲ್ಲ. ಕೆಲಸ ನಿಲ್ಲಿಸಿದಾಗೆಲ್ಲ ರಿಂಗಿನಿಂದ ಬಟ್ಟೆ ತೆಗೆದಿಡಿ, ವಾರಗಟ್ಟಲೆ ಬಿಟ್ಟರೆ ಬೀಳುವ ಗುಂಡು ಗುರುತು ಸುಲಭಕ್ಕೆ ಹೋಗುವುದಿಲ್ಲ.

ಲಂಬಾಣಿ ಕಸೂತಿಯ ಕನ್ನಡಿ, ಕವಡೆಗಳ ಪಾಕೀಟು ಬಂದಿದ್ದರೆ ಕನ್ನಡಿಯ ಅಂಚನ್ನು ಬೆರಳಲ್ಲಿ ಮೆಲ್ಲಗೆ ಸವರಿ ನೋಡಿ. ಚೂಪಾಗಿದ್ದರೆ ನಯವಾದ ಮರಳುಕಾಗದದಲ್ಲಿ ನಾಲ್ಕು ಸಲ ಉಜ್ಜಿ, ಇಲ್ಲದಿದ್ದರೆ ದಾರ ಕೊಯ್ಯುತ್ತದೆ. ಕನ್ನಡಿಯ ಮೇಲೆ ಮೊದಲು ಎರಡು ಉದ್ದ, ಎರಡು ಅಡ್ಡ ಎಳೆ ಹಾಕಿ ಚೌಕ ಕಟ್ಟಬೇಕು. ಈ ಚೌಕ ಅಂಚಿಗಿಂತ ಸಾಕಷ್ಟು ಒಳಗೆ, ನಡುವಿಗೆ ಹತ್ತಿರ ಇರಲಿ. ಆಮೇಲೆ ಸುತ್ತ ಹಾಕುವ ಹೊಲಿಗೆ ಆ ಎಳೆಗಳನ್ನು ಹೊರಕ್ಕೆ ಎಳೆಯುತ್ತದೆ. ಮೊದಲೇ ಅಂಚಿಗೆ ಕಟ್ಟಿದವರ ಕನ್ನಡಿ ಒಂದೇ ಒಗೆತಕ್ಕೆ ಉದುರುತ್ತದೆ.

ಸೀರೆ ಕುಚ್ಚಿನ ಸಾಮಾನು ಈಚೆಗೆ ಬಹಳ ಮನೆಗಳಿಗೆ ಬರುತ್ತಿದೆ. ಶುರು ಮಾಡುವ ಮುಂಚೆ ಮಣಿ ಎಣಿಸಿಕೊಳ್ಳಿ. ಸೆರಗಿನ ಅಗಲ ಸುಮಾರು 45 ಇಂಚು. ಇಂಚಿಗೊಂದು ಕುಚ್ಚು, ಒಂದಕ್ಕೆ ಮೂರು ಮಣಿ ಅಂದರೆ 135 ಮಣಿ. ಪಾಕೀಟಿನಲ್ಲಿ ನೂರಿದ್ದರೆ ವಿನ್ಯಾಸವನ್ನು ಈಗಲೇ ಬದಲಿಸಿ, ಅದೇ ಮಣಿ ಮತ್ತೆ ಸಿಗುತ್ತದೆಂಬ ಭರವಸೆ ಇಲ್ಲ. ಮೊಳಕಾಲ್ಮೂರು ರೇಷ್ಮೆಯಂಥ ಕೈಮಗ್ಗದ ಸೀರೆಯಾದರೆ ಸೆರಗಿನ ತುದಿಯ ಬಿಡಿ ಎಳೆಗಳಿಗೆ ಮೊದಲು ಗಂಟು ಹಾಕಿ ಭದ್ರ ಮಾಡಿ. ಅಂಟು ಮಾತ್ರ ಹತ್ತಿರ ತರಬೇಡಿ, ರೇಷ್ಮೆಯ ಮೇಲೆ ಬಿದ್ದ ಕಲೆಯನ್ನು ತೆಗೆಯುವ ದಾರಿಯಿಲ್ಲ.

ಉಲ್ಲನ್

ಉಂಡೆಗೆ ಸುತ್ತಿದ ಚೀಟಿಯನ್ನು ಎಸೆಯಬೇಡಿ. ಅದರಲ್ಲಿ ಬಣ್ಣದ ಸಂಖ್ಯೆಯ ಜೊತೆ ಲಾಟ್ ಸಂಖ್ಯೆಯೂ, ಅಂದರೆ ಒಂದೇ ಸಲ ಬಣ್ಣ ಹಾಕಿದ ಕಂತಿನ ಸಂಖ್ಯೆಯೂ, ಇರುತ್ತದೆ. ಬಣ್ಣದ ಸಂಖ್ಯೆ ಒಂದೇ ಇದ್ದು ಲಾಟ್ ಬೇರೆಯಾದರೆ ಸ್ವೆಟರಿನ ಬೆನ್ನಿಗೂ ತೋಳಿಗೂ ಬಣ್ಣ ಹೊಂದುವುದಿಲ್ಲ. ಉಂಡೆಗಳು ಸಾಲದು ಅನ್ನಿಸಿದರೆ ಈ ವಾರವೇ ಚೀಟಿ ಹಿಡಿದು ಅಂಗಡಿಗೆ ಹೋಗಿ. ಮೊದಲು 10 ಸೆಂಟಿಮೀಟರ್ ಚೌಕ ಹೆಣೆದು, ಒಗೆದು, ಅಳೆದು ನೋಡಿ, ಆಮೇಲೆ ಟೊಪ್ಪಿಗೆ ಕೈ ಹಾಕಿ. ಅಕ್ರಿಲಿಕ್ ದಾರಕ್ಕೆ ಬಿಸಿ ಇಸ್ತ್ರಿ ತಾಗಿಸಿದರೆ ಚಪ್ಪಟೆಯಾಗಿ ಹೊಳೆಯುತ್ತದೆ, ಮತ್ತೆ ಉಬ್ಬುವುದಿಲ್ಲ.

ಚಳ್ಳಕೆರೆಯ ಕಡೆಯ ಕುರಿ ಉಣ್ಣೆಯ ನೂಲು ಅಥವಾ ಕಂಬಳಿ ಬಂದರೆ ಅದರ ಸ್ವಭಾವ ಬೇರೆ. ದಖ್ಖನಿ ಕುರಿಯ ಉಣ್ಣೆ ಒರಟು, ಗಟ್ಟಿ. ಮಗುವಿನ ಟೊಪ್ಪಿಗೆಗೆ ಬೇಡ, ಚುಚ್ಚುತ್ತದೆ. ಚೀಲ, ಜಮಖಾನೆ, ಕೂರುವ ಆಸನಕ್ಕೆ ಇದಕ್ಕಿಂತ ಬಾಳಿಕೆಯದು ಸಿಗುವುದು ಕಷ್ಟ. ನೇಯುವಾಗ ಹಾಸಿನ (ಮಗ್ಗದ ಉದ್ದದ) ಎಳೆಗೆ ಹುಣಸೆಬೀಜದ ಗಂಜಿ ಹಾಕುವುದರಿಂದ ಹೊಸ ಕಂಬಳಿ ಹಲಗೆಯ ಹಾಗೆ ಬಿರುಸಾಗಿರುತ್ತದೆ. ಬಳಸುತ್ತ ಬಳಸುತ್ತ ಮೆತ್ತಗಾಗುತ್ತದೆ. ಮೆತ್ತಗಾಗಲೆಂದು ಬಿಸಿನೀರಿನಲ್ಲಿ ಕುಕ್ಕಿ ಒಗೆದರೆ ಉಣ್ಣೆ ಕುಗ್ಗಿ ಗಂಟುಗಟ್ಟುತ್ತದೆ. ವರ್ಷಕ್ಕೆರಡು ಸಲ ಬಿಸಿಲಿಗೆ ಹಾಕಿ ಜಾಡಿಸಿ.

ಎರಡೆರಡು ಬಂದರೆ

ಒಂದೇ ಹಬ್ಬಕ್ಕೆ ಎರಡು ಹಂಚು ಬರುವುದುಂಟು. ಒಂದನ್ನು ದೋಸೆಗೆ, ಒಂದನ್ನು ರೊಟ್ಟಿಗೆ ಇಟ್ಟುಕೊಂಡರೆ ಮೇಲೆ ಹೇಳಿದ ತಕರಾರೇ ತೀರಿತು. ಎರಡು ಮಿಕ್ಸರ್ ಬಂದರೆ ಒಂದನ್ನು ಡಬ್ಬ ಒಡೆಯದೆ, ಬದಲಾಯಿಸುವ ಅವಧಿ ಮುಗಿಯುವ ಮುಂಚೆ ಕೊಟ್ಟವರನ್ನೇ ಕೇಳಿ ಬದಲಿಸಿಕೊಳ್ಳಿ. ಅತ್ತಿಗೆಗೆ ಹೇಳದೆ ಅವರು ಕೊಟ್ಟದ್ದನ್ನು ಇನ್ನೊಬ್ಬರಿಗೆ ದಾಟಿಸಿದರೆ, ಎಲ್ಲರೂ ಒಬ್ಬರಿಗೊಬ್ಬರು ಬಂಧುಗಳಾದ ಊರಿನಲ್ಲಿ ಅದು ಒಂದು ದಿನ ಅವರ ಕಣ್ಣಿಗೆ ಬೀಳುತ್ತದೆ.

ದಾರ, ಬಟ್ಟೆಚೂರು ಹೆಚ್ಚಾದರೆ ಕೌದಿಗೆ ಹಾಕಿ. ಮೆತ್ತನೆಯ ಹಳೆ ಸೀರೆ ಎರಡು ಮೂರು ಒಳಗೆ, ಮೇಲೆ ಚೂರುಗಳ ಪದರ, ಕೆಳಗೆ ಗಟ್ಟಿ ಬಟ್ಟೆಯ ಅಸ್ತರ. ಅಂಚಿನಿಂದ ಶುರುಮಾಡಿ ಒಳಕ್ಕೆ ಸುತ್ತುತ್ತ ಬೆರಳಗಲಕ್ಕೊಂದು ಸಾಲಿನಂತೆ ಓಟದ ಹೊಲಿಗೆ ಹಾಕುತ್ತಾ ಹೋಗಿ. ಹೊಸ ಚೂರು, ಹಳೆ ಸೀರೆ ಎರಡೂ ಸೇರುವುದರಿಂದ ಹೊಸದನ್ನು ಮೊದಲು ನೀರಿಗೆ ಹಾಕಿ ಕುಗ್ಗಿಸಿಕೊಂಡಿರಬೇಕು. ಹೆಚ್ಚಿನ ಹಂಚನ್ನು ಪಳಗಿಸಿ ತಂಗಿಗೆ ಕೊಡುವುದಾದರೆ ಯಾವ ಎಣ್ಣೆ ಹಾಕಿದಿರಿ, ಎಷ್ಟು ಪದರ ಆಗಿದೆ ಎಂದು ಚೀಟಿಯಲ್ಲಿ ಬರೆದು ಹಿಡಿಕೆಗೆ ಕಟ್ಟಿ ಕೊಡಿ. ಚಪಾತಿ ಸುಡಬಾರದೆಂಬುದನ್ನು ಅದೇ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ.